'ಸಾರಿ' ಎಂಬ ಒಂದು ಶಬ್ದ

ಸಾವಾದ ಮನೆಗೆ ಹೋದ ಇಂಗ್ಲಿಷರವನು 'ಐ ಆಮ್ ಸಾರಿ' ಎನ್ನುತ್ತಾನೆ. ಆ ಭಾಷೆಯನ್ನು ಹೊಸದಾಗಿ ಕಲಿಯುತ್ತಿರುವ ಚೀನೀಯನಿಗೆ ಬೆರಗು: ಇವನು ಮಾಡಿದ ತಪ್ಪಾದರೂ ಏನು? ಏಕೆಂದರೆ ಆ ಮಾತಿಗೆ ಪಾಠದಲ್ಲಿ ಅವನು ಕಲಿತ ಸಾಟಿಪದ 'ದುಯ್‌ಬುಛಿ'. ನಿಮ್ಮೆದುರು ಮುಖವೆತ್ತಿ ನಿಲ್ಲಲಾರೆ ಎಂಬುದು ಅದರ ಭಾವ. ಅದು ತಪ್ಪು ಮಾಡಿದವನ ನುಡಿ, ಸಂತೈಸುವವನ ನುಡಿಯಲ್ಲ.

ಈ ಇಂಗ್ಲಿಷ್ ಶಬ್ದದ ಮೂಲಾರ್ಥ ನೋವು. ಹುಣ್ಣಿನ ಉರಿಯನ್ನು ಹೇಳುವ 'ಸೋರ್' ಇದರ ಒಡಹುಟ್ಟು. ಕ್ಷಮೆ ಬೇಡುವ ಅರ್ಥ ಅನಂತರ ಬಂದು ಸೇರಿದುದು. ಆದ್ದರಿಂದಲೇ ಪರರ ದುಃಖಕ್ಕೆ ಮರುಗುವಾಗಲೂ ಅದೇ ಮಾತು, ಇನ್ನೊಬ್ಬರ ಕಾಲು ತುಳಿದಾಗಲೂ ಅದೇ ಮಾತು. ದನಿಯೇರಿಸಿ ಕೇಳಿದರೆ 'ಏನೆಂದಿರಿ?' ಎಂದಾಗುತ್ತದೆ, ವಿಶೇಷಣವಾಗಿ ನಿಂತರೆ 'ಶೋಚನೀಯ' ಎಂದಾಗುತ್ತದೆ. ಚೀನೀ ಭಾಷೆಯಾದರೋ ವಿಷಾದಕ್ಕೆ 'ಯೀಹಾನ್' ಎಂದೂ ವಿಧಿವತ್ತಾಗಿ ಕ್ಷಮೆ ಯಾಚಿಸುವುದಕ್ಕೆ 'ದಾವ್‌ಛಿಯೆನ್' ಎಂದೂ ಬೇರೆ ಬೇರೆ ಪದಗಳನ್ನು ಇರಿಸಿಕೊಂಡಿದೆ.

ಇದು ಬರಿಯ ವ್ಯಾಕರಣದ ಮಾತೆಂದು ಯಾರೂ ಭಾವಿಸಬಾರದು. 2001ರ ಏಪ್ರಿಲ್ 1ರಂದು ಹೈನಾನ್ ದ್ವೀಪದ ಬಳಿ ಅಮೆರಿಕದ ಬೇಹು ವಿಮಾನಕ್ಕೂ ಚೀನದ ಯುದ್ಧವಿಮಾನಕ್ಕೂ ಡಿಕ್ಕಿಯಾಯಿತು. ಚೀನೀ ವೈಮಾನಿಕ ವಾಂಗ್ ವೇಯ್ ಮರಳಲಿಲ್ಲ. ದ್ವೀಪದಲ್ಲಿ ಇಳಿದ 24 ಮಂದಿ ಅಮೆರಿಕನರನ್ನು ಚೀನ ತಡೆದಿರಿಸಿ, 'ದಾವ್‌ಛಿಯೆನ್' ಬೇಕೆಂದಿತು. ಅಮೆರಿಕ ಅದಕ್ಕೆ ಒಪ್ಪಲಿಲ್ಲ. ಏಪ್ರಿಲ್ 11ರಂದು ಅಮೆರಿಕದ ರಾಯಭಾರಿ ಜೋಸೆಫ್ ಪ್ರುಹರ್ ಕೊಟ್ಟ ಪತ್ರದಲ್ಲಿ 'ವೆರಿ ಸಾರಿ' ಎರಡು ಸಲ ಬಂದಿತು: ವೈಮಾನಿಕನ ಸಾವಿಗೊಮ್ಮೆ, ಅನುಮತಿಯಿಲ್ಲದೆ ಇಳಿದುದಕ್ಕೊಮ್ಮೆ. ಚೀನ ಅದನ್ನು 'ಶೆನ್‌ಬ್ಯಾವ್ ಛಿಯೆನ್‌ಯೀ' ಎಂದು ಅನುವಾದಿಸಿ ತನ್ನ ಜನರಿಗೆ ತಿಳಿಸಿತು. 'ದಾವ್‌ಛಿಯೆನ್'ನಲ್ಲಿರುವ 'ಛಿಯೆನ್' ಇದರಲ್ಲಿಯೂ ಉಂಟು. ಕೇಳಿದವರಿಗೆ ಅದು ಕ್ಷಮಾಯಾಚನೆಯಾಗಿ ಕೇಳಿಸಿತು. ತಾನು ಕ್ಷಮೆ ಕೇಳಿಲ್ಲವೆಂದು ಅಮೆರಿಕ ಹೇಳಿಕೊಂಡಿತು. ಮರುದಿನ 24 ಮಂದಿಯೂ ದ್ವೀಪದಿಂದ ಹೊರಟರು.

ಇದನ್ನು ಮೋಸವೆಂದು ನಾನು ಕರೆಯಲಾರೆ. ಎರಡು ಅರ್ಥಗಳನ್ನು ಒಡಲಲ್ಲಿರಿಸಿಕೊಂಡ ಶಬ್ದವೊಂದು ಇಬ್ಬರ ಮಾನವನ್ನೂ ಉಳಿಸಿತು. ಆದರೆ ರಾಜತಂತ್ರಕ್ಕೆ ಒದಗಿದ ಈ ಸಂದಿಗ್ಧತೆ ಕಲಿಯುವವನಿಗೆ ಒದಗದು. ಅವನಿಗೆ ಸಾಟಿಪದವೊಂದೇ ಸಾಲದು, ಸಂದರ್ಭವನ್ನೂ ಕಲಿಸಬೇಕು.

ನಮ್ಮ ಪಟ್ಟಣಗಳ ಕನ್ನಡದಲ್ಲಿಯೂ 'ಸಾರಿ' ನೆಲೆಯೂರಿದೆ. ಆದರೆ ನಾವು ಎರವಲು ತಂದುದು ಬಹುಮಟ್ಟಿಗೆ 'ತಪ್ಪಾಯಿತು' ಎಂಬರ್ಥವನ್ನು. ಮರುಕದ ಅರ್ಧ ಇಂಗ್ಲಿಷಿನಲ್ಲಿಯೇ ಉಳಿಯಿತು. ಸಾವಿನ ಮನೆಯಲ್ಲಿ ನಾವು ಇಂದಿಗೂ ಹೆಚ್ಚು ಮಾತಾಡುವುದಿಲ್ಲ. ಹೋಗಿ ಕೆಲಹೊತ್ತು ಸುಮ್ಮನೆ ಕುಳಿತು ಬರುತ್ತೇವೆ.