ಸಾಕುನಾಯಿಯ ಅಜೀರ್ಣ ಮತ್ತು ಪಥ್ಯ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ಕನ್ನಡಿಗರ ಮನೆಮಾತು. ಮನೆಯ ನಾಯಿಗೆ ಇವೆರಡೂ ತಿಳಿಯವು. ಎಷ್ಟು ಉಣ್ಣಬೇಕೆಂಬುದನ್ನು ಅದು ಅರಿಯದು. ಉಂಡದ್ದು ಒಗ್ಗದಿದ್ದರೆ ಬಾಯಿಬಿಟ್ಟು ಹೇಳಲಾರದು. ಆದ್ದರಿಂದ ಅದರ ಪರವಾಗಿ ಊಟ ಬಲ್ಲವರಾಗಬೇಕಾದ ಹೊಣೆ ಸಾಕಿದವರದು.

ಊರಿನಲ್ಲಿ ಈ ಹೊಣೆ ಅಷ್ಟು ಭಾರವೆನಿಸುವುದಿಲ್ಲ. ಹಿತ್ತಲು, ಹೊಲ, ಕಣಗಳಲ್ಲಿ ತಿರುಗುವ ನಾಯಿ ಮನೆಯವರು ಹಾಕಿದ ರೊಟ್ಟಿಯ ಜೊತೆಗೆ ತನಗೆ ಬೇಕಾದುದನ್ನು ತಾನೇ ಹುಡುಕಿಕೊಳ್ಳುತ್ತದೆ. ದಿನವಿಡೀ ಓಡಾಡಿ ಉಂಡದ್ದನ್ನು ಅರಗಿಸಿಕೊಳ್ಳುತ್ತದೆ. ಉದ್ಯೋಗ ನಿಮಿತ್ತ ಹೈದರಾಬಾದಿಗೆ ಬಂದು ಅಮೀರ್‌ಪೇಟ್‌ನ ಮೂರನೆಯ ಅಂತಸ್ತಿನಲ್ಲಿ ನೆಲೆಸಿದ ಕುಟುಂಬದ ನಾಯಿಯ ಸ್ಥಿತಿ ಬೇರೆ. ಅದರ ಬಾಯಿಗೆ ಬೀಳುವ ಪ್ರತಿಯೊಂದು ತುತ್ತೂ ಮನೆಯವರ ಕೈಯಿಂದಲೇ ಬರಬೇಕು. ಬೆಳಿಗ್ಗೆ ಅಜ್ಜಿ ಹಾಕಿದ ಹಾಲು-ಬ್ರೆಡ್ಡು, ಸಂಜೆ ಮಕ್ಕಳು ಹಂಚಿಕೊಂಡ ಬಿಸ್ಕತ್ತು, ಭಾನುವಾರದ ಬಿರಿಯಾನಿಯಲ್ಲಿ ಉಳಿದ ಮೂಳೆ: ಒಬ್ಬೊಬ್ಬರೂ ಪ್ರೀತಿಯಿಂದ ಕೊಟ್ಟದ್ದೇ, ಎಲ್ಲವನ್ನೂ ಕೂಡಿಸಿ ನೋಡಿದವರು ಮಾತ್ರ ಯಾರೂ ಇಲ್ಲ. ಮರುದಿನ ವಾಂತಿ, ಭೇದಿ ಕಾಣಿಸಿಕೊಂಡಾಗ ‘ಏನೂ ತಿಂದಿಲ್ಲವಲ್ಲ’ ಎಂದು ಎಲ್ಲರೂ ಚಕಿತರಾಗುತ್ತಾರೆ.

ನಾಯಿಯ ಜೀರ್ಣಶಕ್ತಿ

ನಾಯಿ ಮಾಂಸವನ್ನು ಮಾತ್ರ ತಿನ್ನಬೇಕು, ಅನ್ನ-ರೊಟ್ಟಿ ಅದಕ್ಕೆ ವಿಷ ಎಂಬ ನಂಬಿಕೆ ನಗರಗಳಲ್ಲಿ ಹರಡಿದೆ. ಇದು ಸರಿಯಲ್ಲ. ಪಿಷ್ಟವನ್ನು ಅರಗಿಸುವ ಅಮೈಲೇಸ್ ಎಂಬ ಕಿಣ್ವವು ನಾಯಿಯ ಮೇದೋಜೀರಕ ಗ್ರಂಥಿಯಲ್ಲಿ ಉತ್ಪತ್ತಿಯಾಗುತ್ತದೆ. ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಈ ಕಿಣ್ವಕ್ಕೆ ಸಂಬಂಧಿಸಿದ ಜೀನಿನ 2 ಪ್ರತಿಗಳು ತೋಳದಲ್ಲಿದ್ದರೆ, ನಾಯಿಗಳಲ್ಲಿ 4ರಿಂದ 30 ಪ್ರತಿಗಳಿವೆ. ಮನುಷ್ಯನೊಡನೆ ಬಾಳುತ್ತ ಬಂದ ನಾಯಿ ಅವನ ಧಾನ್ಯವನ್ನೂ ಅರಗಿಸಲು ಕಲಿತಿದೆ.

ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ಇದಕ್ಕೆ ನಮ್ಮ ನಾಡಿನದೇ ಉದಾಹರಣೆ. 2005ರಲ್ಲಿ ಅಂಚೆ ಇಲಾಖೆ ಹೊರತಂದ ನಾಯಿತಳಿಗಳ ಅಂಚೆಚೀಟಿಗಳಲ್ಲಿ ಸ್ಥಾನ ಪಡೆದ ಈ ತಳಿಯನ್ನು ಆ ಭಾಗದ ರೈತಾಪಿ ಮನೆಗಳು ಜೋಳ, ಗೋಧಿ, ಹಾಲುಗಳನ್ನೂ ಉಣಿಸಿಯೇ ಸಾಕಿವೆ. ಹಾಗೆಂದು ನಗರದ ನಾಯಿಗೆ ಒಮ್ಮೆಲೇ ಬಟ್ಟಲು ತುಂಬ ಹಾಲು ಹೊಯ್ಯುವುದು ಸರಿಯಲ್ಲ. ಮೊಲೆ ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ನಾಯಿಗಳಲ್ಲಿ ಕುಗ್ಗುತ್ತದೆ. ಅಭ್ಯಾಸವಿಲ್ಲದ ನಾಯಿಗೆ ಹೆಚ್ಚು ಹಾಲು ಕೊಟ್ಟರೆ ಭೇದಿಯಾಗುವುದು ಸಹಜ. ಆಹಾರ ಯಾವುದು ಎಂಬುದರಷ್ಟೇ, ಅದು ಎಷ್ಟು ಮತ್ತು ಎಷ್ಟು ಹಠಾತ್ತಾಗಿ ಬಂದಿತು ಎಂಬುದೂ ಮುಖ್ಯ.

ಹೊಟ್ಟೆ ಕೆಡಿಸುವ ಪದಾರ್ಥಗಳು

ಕೊಬ್ಬು, ಮಸಾಲೆ, ಹಳಸಿದ ಅನ್ನ ಇವು ಸಾಮಾನ್ಯ ಕಾರಣಗಳು. ಹೈದರಾಬಾದಿನ ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ಬೆಳಗಿನ ಅನ್ನ ಸಂಜೆಗೆ ನಿಲ್ಲದು. ಹೆಚ್ಚು ಕೊಬ್ಬಿನ ಊಟ ಮೇದೋಜೀರಕ ಗ್ರಂಥಿಯ ಉರಿಯೂತವನ್ನೂ ತರಬಲ್ಲದು. ಬೆಂದ ಮೂಳೆ ಚೂಪಾದ ಸಿಬಿರುಗಳಾಗಿ ಒಡೆದು ಕರುಳನ್ನು ಚುಚ್ಚಬಹುದು.

ಕೆಲವು ಪದಾರ್ಥಗಳು ನಾಯಿಗೆ ನಿಜವಾದ ವಿಷಗಳು. ಈರುಳ್ಳಿ, ಬೆಳ್ಳುಳ್ಳಿಗಳು ಅದರ ಕೆಂಪು ರಕ್ತಕಣಗಳನ್ನು ನಾಶಪಡಿಸುತ್ತವೆ. ದೇಹತೂಕದ ಪ್ರತಿ ಕಿಲೋಗ್ರಾಮಿಗೆ 15ರಿಂದ 30 ಗ್ರಾಂ ಈರುಳ್ಳಿ ಸಾಕು, ಬೇಯಿಸಿದರೂ ಈ ಗುಣ ಹೋಗದು. ದ್ರಾಕ್ಷಿ ಮತ್ತು ಒಣದ್ರಾಕ್ಷಿಗಳು ಮೂತ್ರಪಿಂಡವನ್ನು ಕೆಡಿಸಬಹುದು. ಆದುದರಿಂದ ಹಬ್ಬದ ದಿನ ಪಾಯಸ, ಕೇಸರಿಬಾತುಗಳನ್ನು ನಾಯಿಯ ಬಟ್ಟಲಿಗೆ ಹಾಕುವಂತಿಲ್ಲ. ಚಾಕೊಲೇಟು, ಸಕ್ಕರೆರಹಿತ ಚ್ಯೂಯಿಂಗ್ ಗಮ್ಮಿನಲ್ಲಿರುವ ಕ್ಸೈಲಿಟಾಲ್ ಇವೂ ಅಪಾಯಕರ. ಇಂಥವುಗಳನ್ನು ತಿಂದುದು ತಿಳಿದರೆ ಪಥ್ಯವನ್ನು ನೆಚ್ಚದೆ ಕೂಡಲೇ ವೈದ್ಯರನ್ನು ಕಾಣಬೇಕು.

ಪಥ್ಯದ ಕ್ರಮ

ಒಂದೆರಡು ಬಾರಿ ಭೇದಿಯಾಗಿದ್ದರೂ ನಾಯಿ ಚಟುವಟಿಕೆಯಿಂದಿದ್ದು ನೀರು ಕುಡಿಯುತ್ತಿದ್ದರೆ ಮನೆಯ ಪಥ್ಯವೇ ಸಾಕಾಗುವುದುಂಟು. ‘ಲಂಘನಂ ಪರಮೌಷಧಂ’ ಎಂಬ ಮಾತಿನಂತೆ ಹಿಂದೆ ಇಡೀ ದಿನ ಉಪವಾಸ ಕೆಡವುತ್ತಿದ್ದರು. ವಾಂತಿ ಮಾಡುತ್ತಿರುವ ಬೆಳೆದ ನಾಯಿಗೆ ಕೆಲವು ಗಂಟೆಗಳ ಬಿಡುವು ಕೊಡಬಹುದು. ಮರಿಗಳನ್ನು ಮಾತ್ರ ಉಪವಾಸ ಕೆಡವಬಾರದು. ಅವುಗಳ ರಕ್ತದಲ್ಲಿನ ಸಕ್ಕರೆ ಬೇಗ ಇಳಿಯುತ್ತದೆ. ನೀರನ್ನು ಯಾವ ನಾಯಿಗೂ ತಡೆಯಬಾರದು. ಸ್ವಲ್ಪ ಸ್ವಲ್ಪವಾಗಿ, ಮೇಲಿಂದ ಮೇಲೆ ಕೊಡಬೇಕು.

ಅನಂತರ ಮೆತ್ತಗೆ ಬೇಯಿಸಿದ ಅನ್ನ 2 ಪಾಲು, ಚರ್ಮ ಮತ್ತು ಮೂಳೆ ತೆಗೆದು ನೀರಿನಲ್ಲಿ ಬೇಯಿಸಿದ ಕೋಳಿಮಾಂಸ 1 ಪಾಲು ಸೇರಿಸಿ ಕೊಡಬೇಕು. ಉಪ್ಪು, ಎಣ್ಣೆ, ಒಗ್ಗರಣೆ ಕೂಡದು. ಮಾಂಸ ತರದ ಮನೆಗಳಲ್ಲಿ ಬೇಯಿಸಿದ ಮೊಟ್ಟೆಯನ್ನೋ ಕೆನೆ ತೆಗೆದ ಹಾಲಿನ ಪನೀರನ್ನೋ ಬಳಸಬಹುದು. ಬೇಯಿಸಿ ಮಸೆದ ಸಿಹಿಗುಂಬಳದ ಒಂದೆರಡು ಚಮಚ ಮಲವನ್ನು ಕಟ್ಟಲು ನೆರವಾಗುತ್ತದೆ. ದಿನಕ್ಕೆ 4ರಿಂದ 6 ಬಾರಿ ಕೊಂಚ ಕೊಂಚವೇ ಉಣಿಸಬೇಕು. ಮಲ ಗಟ್ಟಿಯಾದ ಮೇಲೆ ಎಂದಿನ ಆಹಾರವನ್ನು ಮೊದಲು ಕಾಲುಪಾಲು, ಬಳಿಕ ಅರ್ಧ, ಮುಕ್ಕಾಲು ಎಂದು ಬೆರೆಸುತ್ತ ಒಂದು ವಾರದಲ್ಲಿ ಮರಳಿಸಬೇಕು. ಅನ್ನ-ಕೋಳಿಯನ್ನೇ ತಿಂಗಳುಗಟ್ಟಲೆ ಮುಂದುವರಿಸಬಾರದು. ಅದರಲ್ಲಿ ಸುಣ್ಣದ ಅಂಶವೂ ಕೆಲವು ಜೀವಸತ್ವಗಳೂ ಸಾಲವು.

ಮನುಷ್ಯರ ನೋವಿನ ಮಾತ್ರೆ, ಭೇದಿಯ ಮಾತ್ರೆಗಳನ್ನು ಕೊಡಲೇಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡಕ್ಕೂ ಹಾನಿ ಮಾಡುತ್ತವೆ.

ಪಥ್ಯಕ್ಕೆ ಮೀರಿದಾಗ

ಮರಿ ಉಣ್ಣದೆ ಮುದುಡಿ ಮಲಗಿ, ವಾಂತಿಯೊಡನೆ ದುರ್ವಾಸನೆಯ ರಕ್ತಭೇದಿ ಕಂಡರೆ ಪಾರ್ವೊ ಜ್ವರವನ್ನು ಶಂಕಿಸಬೇಕು. 1978ರ ವೇಳೆಗೆ ಜಗತ್ತಿನಲ್ಲಿ ಕಾಣಿಸಿಕೊಂಡ ಈ ವೈರಸ್ ರೋಗಕ್ಕೆ ಚಿಕಿತ್ಸೆ ದೊರೆಯದಿದ್ದರೆ ಬಹುಪಾಲು ಮರಿಗಳು ಉಳಿಯುವುದಿಲ್ಲ. ‘ಬೆಳಗಾಗಲಿ ನೋಡೋಣ’ ಎಂದು ಕಳೆದ ರಾತ್ರಿಯೇ ಪ್ರಾಣಕ್ಕೆ ಎರವಾಗಬಹುದು. 6ರಿಂದ 8 ವಾರಗಳ ವಯಸ್ಸಿನಲ್ಲಿ ಆರಂಭಿಸಿ, ಕನಿಷ್ಠ 16 ವಾರಗಳಾಗುವವರೆಗೆ 3-4 ವಾರಗಳಿಗೊಮ್ಮೆ ಹಾಕಿಸುವ ಲಸಿಕೆಯೇ ಇದಕ್ಕೆ ರಕ್ಷೆ. ಜಂತುಹುಳುವಿನ ಔಷಧವನ್ನೂ ಮರೆಯುವಂತಿಲ್ಲ.

ದೊಡ್ಡ ತಳಿಯ ನಾಯಿ ಹೊಟ್ಟೆ ಉಬ್ಬಿಸಿಕೊಂಡು, ವಾಂತಿಗೆ ಯತ್ನಿಸಿದರೂ ಏನೂ ಹೊರಬಾರದೆ ಚಡಪಡಿಸಿದರೆ ಜಠರ ತಿರುಚಿಕೊಂಡಿರಬಹುದು. ಆಗ ನಿಮಿಷಗಳೇ ಮುಖ್ಯ. ವಸಡು ಒಣಗಿ ಬಿಳಿಚಿಕೊಂಡರೆ, ಎತ್ತಿ ಬಿಟ್ಟ ಚರ್ಮ ಕೂಡಲೇ ಸ್ವಸ್ಥಾನಕ್ಕೆ ಮರಳದಿದ್ದರೆ ದೇಹದಲ್ಲಿ ನೀರು ಬತ್ತಿದೆ ಎಂದು ತಿಳಿಯಬೇಕು.

ನಗರದಲ್ಲಿ ವೈದ್ಯರಿಗೆ ಕೊರತೆಯಿಲ್ಲ. ನಾರಾಯಣಗುಡದಲ್ಲಿ ಸರ್ಕಾರಿ ಪಶು ಆಸ್ಪತ್ರೆಯೂ ರಾಜೇಂದ್ರನಗರದಲ್ಲಿ ಪಶುವೈದ್ಯಕೀಯ ಕಾಲೇಜೂ ಇವೆ. ಆದರೆ ಹಗಲು ಮನೆಯಲ್ಲಿ ಉಳಿಯುವ ಹಿರಿಯರಿಗೆ ಹಲವೊಮ್ಮೆ ಕನ್ನಡವೊಂದೇ ಗೊತ್ತು. ತೆಲುಗಿನಲ್ಲಿ ವಾಂತಿಗೆ ‘ವಾಂತುಲು’, ಭೇದಿಗೆ ‘ವಿರೇಚನಾಲು’ ಎನ್ನುತ್ತಾರೆ. ನಾಯಿ ಏನು ತಿಂದಿತು, ಎಷ್ಟು ಹೊತ್ತಿಗೆ, ಎಷ್ಟು ಬಾರಿ ಭೇದಿಯಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟರೆ ಭಾಷೆಯ ತೊಡಕು ಅರ್ಧ ನೀಗುತ್ತದೆ.

ಒಂದು ಬಟ್ಟಲು, ಒಂದು ಅಳತೆ

ಮೂರು ವಾರ ಮೀರಿದ ಭೇದಿಯಲ್ಲಿ ವೈದ್ಯರು ಹಲವೊಮ್ಮೆ ನಾಯಿ ಹಿಂದೆಂದೂ ತಿನ್ನದ ಒಂದೇ ಬಗೆಯ ಮಾಂಸದ ಆಹಾರವನ್ನು ವಿಧಿಸುತ್ತಾರೆ. ಗುಣವಾಗುವ ನಾಯಿಗಳಲ್ಲಿ ಸಾಮಾನ್ಯವಾಗಿ ಎರಡು ವಾರದೊಳಗೆ ಸುಧಾರಣೆ ಕಾಣುತ್ತದೆ. ಆದರೆ ಮನೆಯಲ್ಲಿ ಒಬ್ಬರು ಮರುಕಪಟ್ಟು ಹಾಕಿದ ಒಂದು ಬಿಸ್ಕತ್ತು ಈ ಪರೀಕ್ಷೆಯನ್ನು ಕೆಡಿಸುತ್ತದೆ. ಆಹಾರದಿಂದ ವಾಸಿಯಾಗಬಹುದಾದ ನಾಯಿಗೆ ಅನಗತ್ಯವಾಗಿ ಔಷಧ ತಗುಲಿಕೊಳ್ಳುತ್ತದೆ.

ಆದುದರಿಂದ ಆರೋಗ್ಯವಿರುವಾಗಲೇ ಒಂದು ಪದ್ಧತಿ ಬೇಕು. ಉಣಿಸುವವರು ಒಬ್ಬರಿರಲಿ, ಹೊತ್ತು ಮತ್ತು ಅಳತೆ ಗೊತ್ತಾಗಿರಲಿ, ಬಿಸ್ಕತ್ತು ಮೊದಲಾದ ತಿಂಡಿ ದಿನದ ಆಹಾರದ ಹತ್ತನೆಯ ಒಂದು ಪಾಲನ್ನು ಮೀರದಿರಲಿ. ಅಜ್ಜಿಗೂ ಮಕ್ಕಳಿಗೂ ನಾಯಿಯ ಮೇಲಿನ ಅಕ್ಕರೆ ತೋರಿಸಲು ಬೇರೆ ದಾರಿಯಿದೆ: ಬಿಸಿಲೇರುವ ಮುನ್ನ ಅದನ್ನು ಹೊರಗೆ ತಿರುಗಾಡಿಸಿ ತರುವುದು. ಅದರಿಂದ ನಾಯಿಗೂ ಹಿತ, ಕರೆದೊಯ್ದವರಿಗೂ ಹಿತ.