ಮಲ್ಲಿಗೆ ಗಿಡಕ್ಕೂ ಪಾಸ್‌ಪೋರ್ಟ್ ಬೇಕು!

ಮಕ್ಕಳೇ, ನಮ್ಮ ಮಾಲೂರಿಗೆ ಹಿಂದೆ ಮಲ್ಲಿಕಾಪುರ ಎಂಬ ಹೆಸರಿತ್ತು ಎನ್ನುತ್ತಾರೆ. ಆ ಊರಿನ ನರ್ಸರಿಯಿಂದ ಒಂದು ಮಲ್ಲಿಗೆ ಸಸಿ ಕೊಂಡು, ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಹೊರಟೆ. ನನ್ನಾಕೆ ಬೇರಿಗೆ ಒದ್ದೆ ಬಟ್ಟೆ ಸುತ್ತಿ ಚೀಲದಲ್ಲಿಟ್ಟಳು.

ವಿಮಾನದಲ್ಲಿ ಒಂದು ಚೀಟಿ ಕೊಟ್ಟರು. ಗಿಡ, ಬೀಜ, ಮಣ್ಣು ತಂದಿದ್ದೀರಾ? 35 ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದ ಕೈ ಇದು, ಸುಳ್ಳು ಬರೆಯಲಿಲ್ಲ. ‘ಹೌದು’ ಎಂದು ಗುರುತು ಹಾಕಿದೆ. ಅಧಿಕಾರಿ ಬೈಯಲಿಲ್ಲ, ದಂಡವನ್ನೂ ಹಾಕಲಿಲ್ಲ. ಸಸಿಯನ್ನು ಮಾತ್ರ ತೆಗೆದುಕೊಂಡರು.

“ತಾತ, ಮಲ್ಲಿಗೆ ಏನು ತಪ್ಪು ಮಾಡಿತ್ತು?” ಎಂದಳು ಮೊಮ್ಮಗಳು.

ತಪ್ಪು ಮಲ್ಲಿಗೆಯದಲ್ಲ, ಬೇರಿನ ಮಣ್ಣಿನದು. ಒಂದು ಚಿಟಿಕೆ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಹುಳು, ಶಿಲೀಂಧ್ರ, ಕಳೆಬೀಜ ಇರಬಹುದು. ನಮ್ಮ ಬಯಲುಗಳನ್ನು ನುಂಗಿರುವ ಪಾರ್ಥೇನಿಯಂ ಅಮೆರಿಕ ಖಂಡದಿಂದ ಬಂದ ಕಳೆಯಲ್ಲವೇ? ಅದಕ್ಕೇ 1951ರಲ್ಲಿ ಅನೇಕ ದೇಶಗಳು ಸೇರಿ ಸಸ್ಯಸಂರಕ್ಷಣೆಯ ಒಪ್ಪಂದ ಮಾಡಿಕೊಂಡವು. ಗಿಡ ಮಾರಲು ಹೊರದೇಶಕ್ಕೆ ಕಳಿಸುವವರು ಬೇರು ತೊಳೆದು, ಮಣ್ಣಿನ ಬದಲು ತೆಂಗಿನ ನಾರಿನ ಪುಡಿಯಂಥದ್ದರಲ್ಲಿ ಬೆಳೆಸಿ, ತಪಾಸಣೆ ಮಾಡಿಸಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಪಡೆಯಬೇಕು. ಅದೇ ಗಿಡದ ಪಾಸ್‌ಪೋರ್ಟ್.

ಗಿಡಗಳ ಪರದೇಶ ಪ್ರಯಾಣ ನಮಗೆ ಹೊಸದಲ್ಲ. 1760ರಲ್ಲಿ ಲಾಲ್‌ಬಾಗ್ ಆರಂಭಿಸಿದ ಹೈದರ್ ಅಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ. 1908ರಲ್ಲಿ ಅಲ್ಲಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಅವರು ಹಲವು ದೇಶಗಳೊಡನೆ ಗಿಡ, ಬೀಜ ವಿನಿಮಯ ಮಾಡಿದರು. ದಕ್ಷಿಣ ಅಮೆರಿಕದ ಕಾಗದದ ಹೂವು, ಅಂದರೆ ಬೋಗನ್‌ವಿಲ್ಲಾ ನಮ್ಮಲ್ಲಿ ಎಷ್ಟು ಒಗ್ಗಿತೆಂದರೆ, ಅದರ ಹೊಸ ತಳಿಗಳ ಹೆಸರನ್ನು ಇಡೀ ಜಗತ್ತಿಗಾಗಿ ನೋಂದಾಯಿಸುವುದು ಇಂದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ!

ಹಾಲೆಂಡಿನ ಗೆಡ್ಡೆಹೂವಿನ ಬೆಳೆಗಾರರು ಒಬ್ಬೊಬ್ಬರೇ ಕೂಗಲಿಲ್ಲ. ಎಲ್ಲರೂ ಸೇರಿ ಕೊಯ್ಕೆನ್‌ಹಾಫ್ ಎಂಬ ತೋಟ ಮಾಡಿ 1950ರಲ್ಲಿ ಜಗತ್ತನ್ನೇ ಕರೆದರು. ನಮ್ಮಲ್ಲೇನು ಕಡಿಮೆ? ಮಾಲೂರಿನ ಗುಲಾಬಿ, ಶ್ರೀನಿವಾಸಪುರದ ಮಾವಿನ ಕಸಿ ಗಿಡ, ಮುಳಬಾಗಿಲಿನ ತರಕಾರಿ ಸಸಿ, ಕೋಲಾರದ ತೋಟಗಾರಿಕೆ ಕಾಲೇಜು, ಎಲ್ಲವೂ ಇವೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯ ರೈತರು ಹನಿ ನೀರಾವರಿಯಲ್ಲೇ ಇಷ್ಟು ಬೆಳೆಸುತ್ತಾರೆ. ಆದರೆ ಒಂದು ಎಚ್ಚರ. ಬ್ಯಾಂಕಿನಲ್ಲಿ ಒಬ್ಬ ಗುಮಾಸ್ತನ ಕಳ್ಳಲೆಕ್ಕ ಇಡೀ ಬ್ಯಾಂಕಿನ ಹೆಸರು ಕೆಡಿಸುವಂತೆ, ಒಂದು ರೋಗದ ಗಿಡ ದೇಶದ ಹೆಸರನ್ನೇ ಕೆಡಿಸುತ್ತದೆ.

ಕೊನೆಗೆ ಮೆಲ್ಬರ್ನ್‌ನ ನರ್ಸರಿಯಲ್ಲೇ ಒಂದು ಮಲ್ಲಿಗೆ ಗಿಡ ಸಿಕ್ಕಿತು. ಚೀಟಿಯಲ್ಲಿ ‘ಅರೇಬಿಯನ್ ಜಾಸ್ಮಿನ್’ ಎಂದಿತ್ತು! ಅದೇ ಎಲೆ, ಅದೇ ಘಮ. ಹಿಮಾಲಯದ ಮಡಿಲಿನ ಗಿಡಕ್ಕೆ ಅರಬರ ಹೆಸರು. ನಮ್ಮ ಗಿಡದ ಹೆಸರನ್ನು ನಾವು ಹೇಳದಿದ್ದರೆ ಬೇರೆಯವರು ಹೇಳುತ್ತಾರೆ.

ಮೊಮ್ಮಗಳು ಐಸ್‌ಕ್ರೀಮ್ ಕಡ್ಡಿಯ ಮೇಲೆ ‘ಮಲ್ಲಿಗೆ’ ಎಂದು ಕನ್ನಡದಲ್ಲಿ ಬರೆದು ಕುಂಡದಲ್ಲಿ ನೆಟ್ಟಳು. ಅವಳು ಬರೆದ ಮೊದಲ ಕನ್ನಡ ಪದ ಅದು. ನಿಮ್ಮ ಮನೆಯ ಕುಂಡಗಳಿಗೂ ಹೆಸರಿನ ಕಡ್ಡಿ ನೆಡಿ. ಹೆಸರು ಗೊತ್ತಿಲ್ಲದಿದ್ದರೆ ಅಜ್ಜಿಯನ್ನು ಕೇಳಿ.