ಶೋಧಯಂತ್ರದಲ್ಲಿ ಕಳೆದುಹೋದ ಸ್ಥಾನ: ಮರಳಿ ಪಡೆಯುವ ಬಗೆ

ಪೇಟೆಯ ಮುಖ್ಯ ಬೀದಿಯ ಅಂಗಡಿಗೂ ಒಳಓಣಿಯ ಅಂಗಡಿಗೂ ಇರುವ ಅಂತರವನ್ನು ವರ್ತಕರಿಗೆ ಯಾರೂ ವಿವರಿಸಬೇಕಾಗಿಲ್ಲ. ಅಂತರಜಾಲದಲ್ಲಿಯೂ ಇದೇ ನ್ಯಾಯ. ಗೂಗಲ್ ಶೋಧಯಂತ್ರದ ಮೊದಲ ಪುಟವೇ ಅಲ್ಲಿನ ಮುಖ್ಯ ಬೀದಿ. ಗೋಕಾಕದ ಕರದಂಟು ಮತ್ತು ಮರದ ಆಟಿಕೆ, ಕಬ್ಬಿನ ಸೀಮೆಯಾದ ಮೂಡಲಗಿಯ ಬೆಲ್ಲ, ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಮೆಣಸಿನಕಾಯಿ ಮುಂತಾದ ಸರಕುಗಳನ್ನು ದೂರದ ಊರಿನ ಗ್ರಾಹಕನು ಇಂದು ಮೊಬೈಲಿನಲ್ಲಿಯೇ ಹುಡುಕುತ್ತಾನೆ. ಮೊದಲ ಪುಟದಲ್ಲಿ ಕಾಣುತ್ತಿದ್ದ ಜಾಲತಾಣವು ಇದ್ದಕ್ಕಿದ್ದಂತೆ ಹಿಂದಿನ ಪುಟಗಳಿಗೆ ಜಾರಿದರೆ ವಿಚಾರಣೆಯ ಕರೆಗಳು ಕಡಿಮೆಯಾಗುತ್ತವೆ, ಬೇಡಿಕೆಗಳು ಬತ್ತುತ್ತವೆ. ಆಗ ಗಾಬರಿಯಿಂದ ಜಾಲತಾಣವನ್ನೇ ಬದಲಿಸುವುದಕ್ಕಿಂತ ಕಾರಣವನ್ನು ಕ್ರಮವಾಗಿ ಶೋಧಿಸುವುದು ಲೇಸು.

ಮೊದಲು ಲೆಕ್ಕದ ಪರಿಶೀಲನೆ

ಗೂಗಲ್ ಸಂಸ್ಥೆಯು ಜಾಲತಾಣದ ಮಾಲೀಕರಿಗೆ ‘ಸರ್ಚ್ ಕನ್ಸೋಲ್’ ಎಂಬ ಉಚಿತ ಸೌಲಭ್ಯವನ್ನು ಒದಗಿಸಿದೆ. ತಾಣವು ಎಷ್ಟು ಬಾರಿ ಫಲಿತಾಂಶಗಳಲ್ಲಿ ಕಾಣಿಸಿತು, ಎಷ್ಟು ಜನರು ಅದನ್ನು ಒತ್ತಿ ಒಳಬಂದರು, ಸರಾಸರಿ ಸ್ಥಾನ ಎಷ್ಟು ಎಂಬ ವಿವರಗಳು 16 ತಿಂಗಳ ಅವಧಿಯವರೆಗೆ ಇದರಲ್ಲಿ ದೊರೆಯುತ್ತವೆ. ಹೋಲಿಕೆಯನ್ನು ಹಿಂದಿನ ತಿಂಗಳೊಡನೆ ಮಾಡದೆ, ಹಿಂದಿನ ವರ್ಷದ ಅದೇ ತಿಂಗಳೊಡನೆ ಮಾಡಬೇಕು. ದೀಪಾವಳಿಯ ನಂತರ ಸಿಹಿತಿನಿಸಿನ ಹುಡುಕಾಟ ತಗ್ಗುವುದು ಸಹಜ. ಅದು ತಾಣದ ದೋಷವಲ್ಲ.

ಸ್ಥಾನ ಹಾಗೆಯೇ ಇದ್ದು ಕಾಣಿಸಿದ ಸಂಖ್ಯೆ ಇಳಿದಿದ್ದರೆ, ಹುಡುಕುವವರೇ ಕಡಿಮೆಯಾಗಿದ್ದಾರೆ ಎಂದರ್ಥ. ಇವೆರಡೂ ಹಾಗೆಯೇ ಇದ್ದು ಒಳಬರುವವರು ಮಾತ್ರ ಇಳಿದಿದ್ದರೆ, ಪುಟದ ಮೇಲ್ಭಾಗದ ಜಾಹೀರಾತುಗಳು ಅಥವಾ 2024ರಲ್ಲಿ ಭಾರತದಲ್ಲಿ ಆರಂಭವಾದ ಕೃತಕ ಬುದ್ಧಿಮತ್ತೆಯ ಸಾರಾಂಶಗಳು ಗ್ರಾಹಕನನ್ನು ಅಲ್ಲಿಯೇ ತಡೆದಿರಬಹುದು. ಸ್ಥಾನವೇ ಕುಸಿದಿದ್ದರೆ ಮಾತ್ರ ಮುಂದಿನ ಪರೀಕ್ಷೆಗಳು ಅಗತ್ಯ.

ಮನೆಯೊಳಗಿನ ದೋಷಗಳು

ಅನೇಕ ಸಂದರ್ಭಗಳಲ್ಲಿ ಕಾರಣವು ತಾಂತ್ರಿಕವಾಗಿರುತ್ತದೆ. ತಾಣದ ಹೆಸರಿನ ನೋಂದಣಿ ನವೀಕರಣವಾಗದಿರುವುದು ಇವುಗಳಲ್ಲಿ ಒಂದು. ಹೊಸ ವಿನ್ಯಾಸ ಮಾಡಿಸುವಾಗ ಹಳೆಯ ಪುಟಗಳ ವಿಳಾಸ ಬದಲಾಗಿ, ಹಳೆಯದರಿಂದ ಹೊಸದಕ್ಕೆ ‘301’ ಎಂಬ ಶಾಶ್ವತ ಮರುನಿರ್ದೇಶನ ಕೊಡದಿರುವುದು ಇನ್ನೊಂದು. ವಿನ್ಯಾಸಕಾರರು ಕೆಲಸದ ಅವಧಿಯಲ್ಲಿ ಹಾಕಿದ ‘ನೋಇಂಡೆಕ್ಸ್’ ಎಂಬ ತಡೆಯನ್ನು ತೆಗೆಯಲು ಮರೆಯುವುದೂ ಉಂಟು. ದುಷ್ಕರ್ಮಿಗಳು ತಾಣದೊಳಗೆ ನುಸುಳಿ ಅನ್ಯ ಪುಟಗಳನ್ನು ಸೇರಿಸಿರಲೂಬಹುದು.

ಶೋಧ ಪೆಟ್ಟಿಗೆಯಲ್ಲಿ ಇಂಗ್ಲಿಷಿನ ‘ಸೈಟ್’ ಪದ, ಅದರ ಮುಂದೆ ವಿಸರ್ಗದಂತಹ ಎರಡು ಚುಕ್ಕೆ, ಅನಂತರ ತಾಣದ ವಿಳಾಸವನ್ನು ಜಾಗ ಬಿಡದೆ ಬರೆದರೆ ಗೂಗಲ್ ದಾಖಲಿಸಿಕೊಂಡಿರುವ ಪುಟಗಳು ತೋರುತ್ತವೆ. ತಮ್ಮ ಪುಟಗಳು ಕಾಣದಿದ್ದರೆ ಅಥವಾ ಅಪರಿಚಿತ ಪುಟಗಳು ಕಂಡರೆ ದೋಷದ ಸುಳಿವು ಸಿಕ್ಕಂತೆ.

ಗೂಗಲ್ ವ್ಯಾಪಾರ ಖಾತೆಯೊಡನೆ ಉಚಿತವಾಗಿ ದೊರೆಯುತ್ತಿದ್ದ ತಾಣವನ್ನೇ ನೆಚ್ಚಿದ್ದವರ ಸಂಗತಿ ಬೇರೆ. ಆ ಸೇವೆಯನ್ನು ಸಂಸ್ಥೆಯು 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಅಂತಹ ವಿಳಾಸವನ್ನು ಪೊಟ್ಟಣ, ಬಿಲ್ಲುಗಳ ಮೇಲೆ ಇಂದಿಗೂ ಮುದ್ರಿಸುತ್ತಿರುವವರು ಸ್ವಂತ ಹೆಸರಿನ ತಾಣವನ್ನು ಹೊಂದುವುದೇ ಪರಿಹಾರ.

ದಂಡನೆ ಮತ್ತು ನಿಯಮ ಬದಲಾವಣೆ

ಮೋಸದಿಂದ ಮೇಲೇರುವವರನ್ನು ಗೂಗಲ್ ದಂಡಿಸುತ್ತದೆ. 2006ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಾರು ಸಂಸ್ಥೆಯ ತಾಣವನ್ನು ಫಲಿತಾಂಶಗಳಿಂದಲೇ ತೆಗೆದುಹಾಕಲಾಯಿತು. ಶೋಧಯಂತ್ರಕ್ಕೆ ಒಂದು, ಗ್ರಾಹಕನಿಗೆ ಮತ್ತೊಂದು ಪುಟ ತೋರಿಸಿದ್ದೇ ಕಾರಣ. 2011ರಲ್ಲಿ ಅಮೆರಿಕದ ಜೆ.ಸಿ. ಪೆನ್ನಿ ಮಳಿಗೆಯು, ಹಣ ಕೊಟ್ಟು ಪಡೆದ ಕೊಂಡಿಗಳ ಕಾರಣದಿಂದ ಸ್ಥಾನ ಕಳೆದುಕೊಂಡಿತು. ದೊಡ್ಡವರಿಗೇ ವಿನಾಯಿತಿ ಇಲ್ಲವೆಂದ ಮೇಲೆ, ಕೆಲವೇ ರೂಪಾಯಿಗಳಿಗೆ ಸಾವಿರಾರು ಕೊಂಡಿಗಳನ್ನು ಕೊಡಿಸುವೆವೆಂಬ ಮಾತಿಗೆ ಮರುಳಾಗುವುದು ತರವಲ್ಲ. ದಂಡನೆಯಾಗಿದ್ದರೆ ಸರ್ಚ್ ಕನ್ಸೋಲಿನ ‘ಮ್ಯಾನುಯಲ್ ಆಕ್ಷನ್’ ವಿಭಾಗದಲ್ಲಿ ಸೂಚನೆ ಇರುತ್ತದೆ. ದೋಷವನ್ನು ಪೂರ್ತಿ ನಿವಾರಿಸಿ ಮರುಪರಿಶೀಲನೆಗೆ ಮನವಿ ಸಲ್ಲಿಸಬಹುದು.

ಅಂತಹ ಸೂಚನೆ ಇಲ್ಲದಿದ್ದರೆ ಗೂಗಲ್ ತನ್ನ ಅಳತೆಗೋಲನ್ನೇ ಬದಲಿಸಿರಬಹುದು. 2011ರ ‘ಪಾಂಡಾ’ ಬದಲಾವಣೆ ಸತ್ವವಿಲ್ಲದ ಬರಹದ ತಾಣಗಳನ್ನೂ, 2012ರ ‘ಪೆಂಗ್ವಿನ್’ ಕೃತಕ ಕೊಂಡಿಗಳ ತಾಣಗಳನ್ನೂ ಕೆಳಗಿಳಿಸಿದವು. 2015ರಿಂದ ಮೊಬೈಲಿನಲ್ಲಿ ಸುಲಭವಾಗಿ ಓದಬಹುದಾದ ಪುಟಗಳಿಗೆ ಮೊಬೈಲ್ ಶೋಧದಲ್ಲಿ ಮನ್ನಣೆ ದೊರೆಯಿತು. ಕುಸಿತದ ದಿನಾಂಕವನ್ನು ಗೂಗಲ್ ಪ್ರಕಟಿಸುವ ಬದಲಾವಣೆಗಳ ದಿನಾಂಕದೊಡನೆ ತಾಳೆ ನೋಡಬೇಕು. ಇಂತಹ ಕುಸಿತದಿಂದ ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು, ಒಳದಾರಿ ಇಲ್ಲ.

ನಮ್ಮ ಸೀಮೆಯ ವಿಶೇಷ

ಇಲ್ಲಿನ ವರ್ತಕರಿಗೆ ಊರ ಹೆಸರುಗಳೇ ಒಂದು ತೊಡಕು. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿಯಾಯಿತು. ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿದ್ದ ಮೂಡಲಗಿ ಈಗ ಸ್ವತಂತ್ರ ತಾಲ್ಲೂಕು. ತಾಣದಲ್ಲಿ ಒಂದು, ವ್ಯಾಪಾರ ಖಾತೆಯಲ್ಲಿ ಮತ್ತೊಂದು, ಡೈರೆಕ್ಟರಿಗಳಲ್ಲಿ ಮಗದೊಂದು ವಿಳಾಸವಿದ್ದರೆ ಶೋಧಯಂತ್ರವೂ ಗೊಂದಲಕ್ಕೀಡಾಗುತ್ತದೆ, ಗ್ರಾಹಕನೂ ದಾರಿ ತಪ್ಪುತ್ತಾನೆ. ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳು ಎಲ್ಲೆಡೆ ಒಂದೇ ರೀತಿ ಇರಬೇಕು.

ಸರಕಿನ ವಿವರವೂ ಮುಖ್ಯ. ‘ಉತ್ತಮ ಗುಣಮಟ್ಟ, ಯೋಗ್ಯ ಬೆಲೆ’ ಎಂಬ ಮಾತು ಎಲ್ಲ ತಾಣಗಳಲ್ಲಿಯೂ ಇದೆ. ಅದರ ಬದಲು, ಕರದಂಟಿಗೆ ಬಳಸುವ ಅಂಟು, ಒಣಹಣ್ಣು, ಬೆಲ್ಲಗಳ ವಿವರ, ಎಷ್ಟು ದಿನ ಕೆಡದು, ಅಂಚೆಯಲ್ಲಿ ಕಳಿಸಲು ಹೇಗೆ ಕಟ್ಟಲಾಗುತ್ತದೆ, ಅಮೀನಗಡದ ಕರದಂಟಿಗೂ ತಮ್ಮದಕ್ಕೂ ಏನು ಭೇದ ಎಂಬುದನ್ನು ಸ್ವಂತ ಮಾತುಗಳಲ್ಲಿ, ಸ್ವಂತ ಛಾಯಾಚಿತ್ರಗಳೊಡನೆ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಕೊಟ್ಟರೆ ಗ್ರಾಹಕನ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಶೋಧಯಂತ್ರವು ಮೆಚ್ಚುವುದೂ ಇದನ್ನೇ.

ವಹಿಸಬೇಕಾದ ಎಚ್ಚರ

ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ಸಂಸ್ಥೆಯೇ ಸ್ಪಷ್ಟಪಡಿಸಿದೆ. ಖಾತರಿ ನೀಡುವವರಿಗೆ ಮುಂಗಡ ಕೊಡುವ ಮುನ್ನ ಇದನ್ನು ನೆನೆಯಬೇಕು. ತಾಣದ ಹೆಸರಿನ ನೋಂದಣಿ, ಗುಪ್ತಪದ ಮತ್ತು ಸರ್ಚ್ ಕನ್ಸೋಲಿನ ಖಾತೆ ವಿನ್ಯಾಸಕಾರರ ಹೆಸರಿನಲ್ಲಿರದೆ ಮಾಲೀಕರ ಹೆಸರಿನಲ್ಲಿಯೇ ಇರಬೇಕು. ಏಕಕಾಲಕ್ಕೆ ಹತ್ತು ಬದಲಾವಣೆ ಮಾಡಿದರೆ ಯಾವುದು ಫಲಿಸಿತೆಂದು ತಿಳಿಯದು. ಒಂದೊಂದನ್ನೇ ಮಾಡಿ ದಿನಾಂಕವನ್ನು ಪುಸ್ತಕದಲ್ಲಿ ಬರೆದಿಡಬೇಕು. ಹಳೆಯ ಗ್ರಾಹಕರ ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ಜೋಪಾನ ಮಾಡಿದ ವರ್ತಕನ ವ್ಯಾಪಾರವು, ಶೋಧಯಂತ್ರದಲ್ಲಿ ಸ್ಥಾನ ಏರಿಳಿದರೂ ಪೂರ್ತಿ ನಿಲ್ಲುವುದಿಲ್ಲ.